ನೀಲಿ ನೀರಲ್ಲಿ ಮೀನಿಲ್ಲ!

ಈ ವಾರ ಯಾವ ನಟಿಯ ಮದುವೆ ಯಾರ ಜೊತೆ ಅನ್ನೋ ಸುದ್ದಿ ಇಲ್ಲ. ಬೇಸರ ಬೇಡ. ಮದುವೆ ಸುದ್ದಿ ಇದೆ, ಆದರೆ ನಟಿಯದಲ್ಲ. ತಿಪಟೂರಿನಲ್ಲಿ ಟೈರ್ ಅಂಗಡಿ ಇಟ್ಟಿರುವ ನನ್ನ ಗೆಳೆಯನದು. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಅರ್ಧಕ್ಕೆ ಬಿಟ್ಟು ಗಾಂಧಿನಗರದ ಬಸ್ಸು ಹತ್ತಿದೆ. ಅವನು ಮುಗಿಸಿ ಟೈರಿಗೆ ಗಾಳಿ ತುಂಬಲು ಕೂತ. ಇವತ್ತು ಇಬ್ಬರಲ್ಲಿ ಯಾರ ಹತ್ತಿರ ದುಡ್ಡಿದೆ ಅಂತ ನೀವು ಕೇಳಬಾರದು, ನಾನು ಹೇಳಬಾರದು!

ಮದುವೆಯಾಗಿ ತಿಂಗಳಿಗೆ ಅವನ ಫೋನು.

"ಲೋ, ನೀನು ಸಿನಿಮಾದವರ ಜೊತೆ ಮಾಲ್ಡೀವ್ಸ್‌ಗೆ ಹೋಗಿ ಬಂದಿದ್ದೀಯಲ್ಲ. ನಾವೂ ಅಲ್ಲಿಗೇ ಹೋಗೋಣ ಅಂತಿದ್ದೀವಿ. ಒಂದು ರೆಸಾರ್ಟು ನೋಡಿದ್ದೀನಿ. ಶನಿವಾರದೊಳಗೆ ಪೂರ್ತಿ ದುಡ್ಡು ಕಟ್ಟಿಲ್ಲ ಅಂದ್ರೆ ಆಫರ್ ಹೋಗುತ್ತಂತೆ. ನೋಡಿ ಹೇಳು."

ಫೋಟೋ ಕಳಿಸಿದ. ನೀವೂ ನೂರು ಹಾಡಿನಲ್ಲಿ ನೋಡಿದ್ದೀರಿ ಅದನ್ನ. ನೀರಿನ ಮೇಲೆ ಕಂಬ, ಕಂಬದ ಮೇಲೆ ಮನೆ, ಮನೆಯಿಂದ ನೀರಿಗಿಳಿಯಲು ಮೆಟ್ಟಿಲು. ಸುತ್ತ ಎಲ್ಲಿ ನೋಡಿದರೂ ನೀಲಿ... ಅಂಥಾ ನೀಲಿ ನಮ್ಮ ಕಡೆ ಬರೀ ಸೀರೆ ಅಂಗಡಿಯಲ್ಲಿ ಸಿಗುತ್ತೆ. ನಾಲ್ಕು ರಾತ್ರಿ. ದುಡ್ಡು ಎರಡು ವರ್ಷ ಕಟ್ಟಿದ ಚೀಟಿಯದು.

"ನಿನ್ನ ಹೆಂಡತಿಗೆ ಏನು ನೋಡಬೇಕಂತೆ?" ಅಂದೆ.

ಆ ಕಡೆ ಮೌನ. ಆಸಾಮಿ ಕೇಳೇ ಇಲ್ಲ! ಆಮೇಲೆ ಫೋನು ಕೈ ಬದಲಾಯಿತು.

"ಅಣ್ಣ, ನಂಗೆ ರೂಮು ಗೀಮು ಗೊತ್ತಾಗಲ್ಲ. ಚಿಕ್ಕೋಳಿದ್ದಾಗ ಟೀವಿಲಿ 'ಒಂದು ಮುತ್ತಿನ ಕಥೆ' ನೋಡಿದ್ದೆ. ಆ ನೀರೊಳಗಡೆ ಇರೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಅವತ್ತಿಂದ ಆಸೆ. ಆದ್ರೆ ಈಜು ಬರಲ್ಲ. ಆಗುತ್ತಾ ಅಣ್ಣ?"

ನೋಡಿ ಸ್ವಾಮಿ, ನಾಡಿನ ಒಬ್ಬ ಹೆಣ್ಣುಮಗಳ ತಲೆಯಲ್ಲಿ ಶಂಕರ್‌ನಾಗ್ ಎಷ್ಟು ವರ್ಷ ಕೂತಿದ್ದಾರೆ! ಕನ್ನಡ ಸಿನಿಮಾ ಮೊದಲ ಸಲ ಹೊರದೇಶಕ್ಕೆ ಹಾರಿದ್ದು 1978ರ 'ಸಿಂಗಾಪುರದಲ್ಲಿ ರಾಜಾ ಕುಳ್ಳ'ಕ್ಕೆ. ಅಲ್ಲಿ ಕ್ಯಾಮೆರಾ ಬೀದಿ ನೋಡಿತು, ಕಟ್ಟಡ ನೋಡಿತು. 1987ರಲ್ಲಿ ಅಣ್ಣಾವ್ರನ್ನ ಹಾಕಿಕೊಂಡು ಶಂಕರ್‌ನಾಗ್ 'ಒಂದು ಮುತ್ತಿನ ಕಥೆ' ಮಾಡಿದಾಗ ನೀರೊಳಗಿನ ದೃಶ್ಯಗಳಿಗೆ ಹೋಗಿದ್ದು ಇದೇ ಮಾಲ್ಡೀವ್ಸ್‌ಗೆ. ಸ್ಟೈನ್‌ಬೆಕ್ಕನ 'ದಿ ಪರ್ಲ್' ಕಾದಂಬರಿ ಆಧಾರದ ಕಥೆ ಅದು. ನಮ್ಮ ಸಿನಿಮಾದವರು ಅಲ್ಲಿ ನೀರಿನ ಒಳಗೆ ಇಳಿದರು. ಈಗಿನವರು ನೀರಿನ ಮೇಲೆ ಕುಣಿದು ಬರ್ತಾರೆ. ವ್ಯತ್ಯಾಸ ಇಷ್ಟೇ ಅಂದುಕೊಂಡಿದ್ದೆ ನಾನೂ, ಅಲ್ಲಿಗೆ ಹೋಗೋವರೆಗೆ.

ಕ್ಯಾಮೆರಾ ಹೇಳೋ ಸುಳ್ಳು

ಮೂರು ವರ್ಷದ ಹಿಂದೆ ಒಂದು ಹಾಡಿನ ಚಿತ್ರೀಕರಣಕ್ಕೆ ಐದು ದಿನ ಹೋಗಿದ್ದೆ. ನಿರ್ಮಾಪಕರ ಖರ್ಚಿನಲ್ಲೇ, ಮುಚ್ಚಿಡೋದ್ಯಾಕೆ? ಹೀರೋ, ಹೀರೋಯಿನ್ ರೆಸಾರ್ಟಿನಲ್ಲಿ; ಲೈಟ್ ಹುಡುಗರು, ಮೇಕಪ್ಪಿನವರು, ನಾನು ಪಕ್ಕದ ಊರ ದ್ವೀಪದ ಗೆಸ್ಟ್‌ಹೌಸಿನಲ್ಲಿ. ದಿನಾ ಬೆಳಗ್ಗೆ ಧೋನಿ ಹತ್ತಿ ರೆಸಾರ್ಟಿಗೆ ಹೋಗೋದು. ಧೋನಿ ಅಂದರೆ ಕ್ರಿಕೆಟ್ಟಿನವರಲ್ಲ, ಅವರ ದಿವೇಹಿ ಭಾಷೆಯಲ್ಲಿ ದೋಣಿಗೇ ಧೋನಿ ಅಂತಾರೆ. ಕೇಳಿದ ಕೂಡಲೇ ಊರು ಹತ್ತಿರ ಆದ ಹಾಗಾಯಿತು ನನಗೆ.

ಮೂರನೇ ದಿನ ವಿಲ್ಲಾದ ಜಗುಲಿಯ ಮೇಲಿಂದ ಹೀರೋಯಿನ್ ನೀರಿಗೆ ಹಾರುವ ಶಾಟ್. ಹಾರಿದ್ದು ಡೂಪು, ಅದು ಬೇರೆ ಮಾತು. ಊಟದ ಬ್ರೇಕಿನಲ್ಲಿ ನಾನೂ ಒಬ್ಬ ಲೈಟ್ ಹುಡುಗನೂ ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಹಾಕಿಕೊಂಡು ಅದೇ ನೀಲಿಗೆ ಇಳಿದೆವು. ಊರ ಕೆರೆಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವನು ನಾನು, ಧೈರ್ಯಕ್ಕೇನು ಕಮ್ಮಿ? ಇಳಿದು ನೋಡಿದರೆ... ಮರಳು. ಈ ಕಡೆ ಮರಳು, ಆ ಕಡೆ ಮರಳು. ಸೌತೆಕಾಯಿ ಥರದ ಒಂದು ಪ್ರಾಣಿ ಅಲ್ಲಾಡದೆ ಮಲಗಿತ್ತು. ಅಷ್ಟೇ!

ಮೇಲೆ ಬಂದು ಸಹಾಯಕ ಛಾಯಾಗ್ರಾಹಕನಿಗೆ ಹೇಳಿದೆ. ಅವನು ನಕ್ಕ. "ಕೆಳಗೆ ಬಿಳಿ ಮರಳಿದ್ರೆ ತಾನೇ ಗುರು ಈ ಬಣ್ಣ ಬರೋದು? ಹವಳ ಇದ್ರೆ ನೀರು ಮೇಲಿಂದ ಕಪ್ಪಗೆ, ಮಚ್ಚೆ ಮಚ್ಚೆಯಾಗಿ ಕಾಣುತ್ತೆ. ಫ್ರೇಮ್ ಕೆಡುತ್ತೆ."

ಅವತ್ತು ಸಂಜೆ ನಮ್ಮ ಗೆಸ್ಟ್‌ಹೌಸಿನ ದೋಣಿಯಾತ, ನಮ್ಮ ಪೆಚ್ಚುಮೋರೆ ನೋಡಿ ಇರಬೇಕು, ಊರ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ನೀರು ಕೊಳಕು ಬಣ್ಣ. ಯಾವ ನಿರ್ದೇಶಕನೂ ತಿರುಗಿ ನೋಡೋಲ್ಲ. ಹತ್ತು ಹದಿನೈದು ಸಲ ಕೈ ಬೀಸಿ ಮುಂದೆ ಹೋದೆವೋ ಇಲ್ಲವೋ, ಕಾಲ ಕೆಳಗಿನ ನೆಲ ಒಮ್ಮೆಗೇ ಕಾಣೆ! ಕೋಟೆ ಗೋಡೆ ಇಳಿದ ಹಾಗೆ ಹವಳದ ಗೋಡೆ ಕತ್ತಲಿಗೆ ಇಳಿದಿದೆ. ಆ ಗೋಡೆಯ ಉದ್ದಕ್ಕೂ ಮೀನು... ಹಳದಿ, ಕಪ್ಪು ಪಟ್ಟೆ, ನೇರಳೆ, ಹೆಸರಿಲ್ಲದ ಬಣ್ಣ. ಒಂದು ಕಡಲಾಮೆ ನಮ್ಮನ್ನ ನೋಡಿ, ಇವರೇನು ದೊಡ್ಡ ವಿಷಯವಲ್ಲ ಅಂತ ತೀರ್ಮಾನಿಸಿ ತನ್ನ ಪಾಡಿಗೆ ಮೇಯುತ್ತಾ ಹೋಯಿತು. ಲೈಟ್ ಹುಡುಗ ಕೊಳವೆ ಬಾಯಲ್ಲಿರೋದನ್ನ ಮರೆತು ಕೂಗಿ, ಉಪ್ಪುನೀರು ಕುಡಿದ.

ಆದ್ದರಿಂದ ಗೆಳೆಯನಿಗೆ ಅಂದೆ: "ನೀನು ಕಳಿಸಿದ ಫೋಟೋದಲ್ಲಿ ಬಣ್ಣ ಇದೆ, ಮೀನಿಲ್ಲ. ನಿನ್ನ ಹೆಂಡತಿ ಕೇಳಿದ್ದು ಮೀನು."

ಪೂರ್ತಿ ಮೀನಿಲ್ಲ ಅಂತಲ್ಲ ಬಿಡಿ. ಮರಿ ಶಾರ್ಕು, ತೊರಕೆ ಮೀನು ಆಗೊಮ್ಮೆ ಈಗೊಮ್ಮೆ ದಡದ ತನಕ ಬಂದು ಹೋಗುತ್ತವೆ. ಆದರೆ ನೀರ ಮನೆಗೆ ಕಂಬ ನೆಡಬೇಕಾದರೆ ಅಲೆ ಇರಬಾರದು, ಆಳ ಇರಬಾರದು. ಅಂಥ ಜಾಗ ಅಂದರೆ ಹವಳದ ಗೋಡೆಯ ಒಳಗೆ ನಿಂತ ಮರಳಿನ ತಿಳಿನೀರು, ಲಗೂನ್. ಮೆಟ್ಟಿಲಿಳಿದರೆ ಹವಳದ ಅಂಚೇ ಸಿಗೋ ವಿಲ್ಲಾಗಳೂ ಕೆಲವು ಕಡೆ ಇವೆ. ಅವುಗಳ ರೇಟು ಕೇಳಿದರೆ ನಮ್ಮಂಥವರು ಮೆಟ್ಟಿಲಲ್ಲೇ ಕೂರಬೇಕು!

ಅಂದ ಹಾಗೆ, ಆ ಬಿಳಿ ಮರಳು ಬಂದದ್ದೂ ಹವಳದಿಂದಲೇ. ಗಿಳಿಮೀನು ಅಂತ ಒಂದಿದೆ, ಗಿಳಿಯ ಕೊಕ್ಕಿನಂಥ ಬಾಯಿ. ಹವಳದ ಕಲ್ಲನ್ನ ಕಡಿದು, ಅಗಿದು, ಹಿಂದಿನಿಂದ ನುಣ್ಣನೆ ಮರಳಾಗಿ ಬಿಡುತ್ತೆ. ಹೀರೋ ಹೀರೋಯಿನ್ ಉರುಳಾಡೋ ಮರಳಿನಲ್ಲಿ ದೊಡ್ಡ ಪಾಲು ಇದೇ. ಮುಂದಿನ ಸಲ ಹಾಡು ನೋಡುವಾಗ ನೆನಪಿಸಿಕೊಳ್ಳಿ!

ಒಂದು ದ್ವೀಪ, ಒಂದೇ ಹೋಟೆಲು

ಮಾಲ್ಡೀವ್ಸ್‌ನಲ್ಲಿ 1,190ರಷ್ಟು ದ್ವೀಪಗಳಿವೆ. ಜನ ಊರು ಕಟ್ಟಿಕೊಂಡು ಇರೋದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ರೆಸಾರ್ಟುಗಳು 170ಕ್ಕೂ ಮೇಲೆ, ಒಂದೊಂದೂ ಒಂದೊಂದು ದ್ವೀಪ. ಮೊದಲ ರೆಸಾರ್ಟು ಕುರುಂಬಾ, 1972ರಲ್ಲಿ ಶುರುವಾದದ್ದು. ಕುರುಂಬಾ ಅಂದರೆ ಎಳನೀರ ಕಾಯಿ. "ತಿಪಟೂರಿನವನೇ, ನಿನ್ನನ್ನ ಅಲ್ಲಿಯವರು ನೆಂಟ ಅಂತಾರೆ ಕಣೋ" ಅಂತ ಛೇಡಿಸಿದೆ. ಅವನಿಗೆ ನಗು ಬರಲಿಲ್ಲ. ಆಗಲೇ ಏಜೆಂಟಿಗೆ ಹತ್ತು ಸಾವಿರ ಕೊಟ್ಟುಬಿಟ್ಟಿದ್ದ. ವಾಪಸ್ ಕೊಡೋಲ್ಲ ಅಂತ ರಸೀದಿಯಲ್ಲೇ ಚಿಕ್ಕ ಅಕ್ಷರದಲ್ಲಿ ಬರೆದಿತ್ತಂತೆ.

ಒಂದು ದ್ವೀಪಕ್ಕೆ ಒಂದೇ ಹೋಟೆಲು ಅಂದರೆ ಏನು ಅಂತ ಯೋಚನೆ ಮಾಡಿ. ಊಟ ಚೆನ್ನಾಗಿಲ್ಲ ಅಂತ ಎದುರು ಬೀದಿ ಹೋಟೆಲಿಗೆ ಹೋಗೋ ಹಾಗಿಲ್ಲ, ಬೀದಿಯೇ ಇಲ್ಲ! ಬೆಳಗಿನ ತಿಂಡಿ ಮಾತ್ರ ಸೇರಿದ ರೇಟು ನೋಡಿ ಖುಷಿಪಟ್ಟರೆ ಮಧ್ಯಾಹ್ನದ ಊಟಕ್ಕೆ ಚೀಟಿ ಎತ್ತಬೇಕು. ನಮ್ಮಂಥವರು ಮೂರೂ ಹೊತ್ತಿನ ಊಟ ಸೇರಿದ್ದನ್ನೇ ಹಿಡಿಯಬೇಕು. ಕುಡಿಯೋ ನೀರು ಸೇರಿದೆಯೋ ಅಂತಲೂ ಕೇಳಬೇಕು. ಸಸ್ಯಾಹಾರಿಗಳಾದರೆ ದುಡ್ಡು ಕಟ್ಟೋ ಮೊದಲೇ ಬರೆದು ಕೇಳಿ.

ಇನ್ನು ಲೆಕ್ಕ. ಇದನ್ನ ಗೆಳೆಯನ ಅಂಗಡಿಯಲ್ಲೇ ಕೂತು, ಅವನ ಬಿಲ್ ಪುಸ್ತಕದ ಹಿಂದೆ ಬರೆದು ತೋರಿಸಿದೆ. ರಾತ್ರಿಗೆ 300 ಡಾಲರ್ ಅಂತ ಜಾಹೀರಾತು ಇಟ್ಟುಕೊಳ್ಳಿ. ಅದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜು: 330. ಅದರ ಮೇಲೆ ಪ್ರವಾಸಿ ತೆರಿಗೆ, 2025ರ ಜುಲೈಯಿಂದ ಶೇಕಡಾ 17: ಆಯಿತು 386. ಹಸಿರು ತೆರಿಗೆ ಅಂತ ಇನ್ನೊಂದು, ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್, ಇಬ್ಬರಿಗೆ 24. ಒಟ್ಟು 410! ನಾಲ್ಕು ರಾತ್ರಿಗೆ 1,640. ಅವನು ನೋಡಿದ ರೆಸಾರ್ಟು ದೂರದ್ದು, ನೀರ ಮೇಲೆ ಇಳಿಯೋ ಪುಟ್ಟ ವಿಮಾನದಲ್ಲಿ ಹೋಗಬೇಕು. ಅದಕ್ಕೆ ಹೋಗಿ ಬರಲು ಒಬ್ಬರಿಗೆ 400 ಡಾಲರ್ ಹಿಡಿದರೂ, ಎಷ್ಟೋ ಕಡೆ ಇನ್ನೂ ಹೆಚ್ಚು, ಇಬ್ಬರಿಗೆ 800. ಕೂಡಿದರೆ 2,440. ಏಜೆಂಟು ಬಾಯಲ್ಲಿ ಹೇಳಿದ್ದು 300 ಇಂಟು ನಾಲ್ಕು, 1,200. ಎರಡರಷ್ಟಕ್ಕೂ ಮೇಲಾಯಿತು! ಬೆಂಗಳೂರಿಂದ ಮಾಲೆಗೆ ಹೋಗೋ ದೊಡ್ಡ ವಿಮಾನದ ಟಿಕೆಟ್ಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಗೆಳೆಯ ಬಿಲ್ ಪುಸ್ತಕವನ್ನೇ ನೋಡುತ್ತಾ ಕೂತ.

ಪುಟ್ಟ ವಿಮಾನದ ಇನ್ನೊಂದು ಕಿತಾಪತಿ ಇದೆ. ಅದು ಹಾರೋದು ಹಗಲಲ್ಲಿ ಮಾತ್ರ. ನಿಮ್ಮ ವಿಮಾನ ಮಾಲೆಯಲ್ಲಿ ಸಂಜೆ ಇಳಿದರೆ ಆ ರಾತ್ರಿ ಅಲ್ಲೇ ಬೇರೆ ರೂಮು ಮಾಡಿ ಮಲಗಬೇಕು, ರೆಸಾರ್ಟಿನ ಒಂದು ರಾತ್ರಿ ಗೋತಾ. ಸಾಮಾನೂ ಸಾಮಾನ್ಯವಾಗಿ ತಲೆಗೆ 20 ಕಿಲೋ, ಕೈಚೀಲ 5 ಕಿಲೋ. ಸ್ಪೀಡ್‌ಬೋಟಿನಲ್ಲಿ ತಲುಪೋ ದ್ವೀಪ ಹಿಡಿದರೆ ಈ ರಗಳೆಯೇ ಇಲ್ಲ, ರಾತ್ರಿಯೂ ಬಹಳ ಕಡೆ ಬೋಟು ಬರುತ್ತೆ. ಹಾಗಂತ ಆಕಾಶದಿಂದ ಆ ದ್ವೀಪಗಳನ್ನ ನೋಡೋ ಭಾಗ್ಯ ಸಣ್ಣದಲ್ಲ. ಚೀಟಿ ದುಡ್ಡಿನವರಿಗಲ್ಲ, ಅಷ್ಟೇ.

ಫೋನಿನಲ್ಲೇ ಇದೆ ಉಪಾಯ

"ಹಾಗಾದ್ರೆ ಮೀನಿರೋ ದ್ವೀಪ ಯಾವುದು ಅಂತ ಹೆಂಗೆ ಗೊತ್ತಾಗೋದು? ಎಲ್ಲರೂ ನಮ್ಮಲ್ಲೇ ಮೀನು ಅಂತಾರೆ."

ಉಪಾಯ ಇದೆ, ಕಾಸು ಖರ್ಚಿಲ್ಲ. ಫೋನಿನ ನಕ್ಷೆಯಲ್ಲಿ ದ್ವೀಪದ ಹೆಸರು ಹಾಕಿ ಉಪಗ್ರಹದ ಚಿತ್ರ ನೋಡಿ. ದ್ವೀಪದ ಸುತ್ತ ತಿಳಿ ಹಸಿರುನೀಲಿ ಅಗಲವಾಗಿ ಹರಡಿಕೊಂಡಿದ್ದರೆ ಅದು ಮರಳು. ದಡಕ್ಕೆ ಹತ್ತಿರದಲ್ಲೇ ಕಂದು ಪಟ್ಟಿ, ಅದರಾಚೆ ಒಮ್ಮೆಗೇ ಕಡುನೀಲಿ... ಅದೇ ಹವಳದ ಅಂಚು. ದಡದಿಂದ ಅಂಚಿಗೆ ಎಷ್ಟು ದೂರ ಅಂತ ನಕ್ಷೆಯಲ್ಲೇ ಅಳೀಬಹುದು. ಐವತ್ತು ಮೀಟರಿನೊಳಗಿದ್ದರೆ ಲಾಟರಿ ಹೊಡೆದ ಹಾಗೆ. ಮುನ್ನೂರು ನಾನ್ನೂರು ಮೀಟರ್ ಆದರೆ ದಿನಾ ದೋಣಿ ಬಾಡಿಗೆ ಕೊಟ್ಟು ಮೀನು ನೋಡಬೇಕು. ಆ ಹತ್ತಿರದ ಅಂಚಿಗೆ ಅವರು 'ಹೌಸ್ ರೀಫ್' ಅಂತಾರೆ. ಹಾಸಿಗೆ ಮೇಲೆ ಹೂವಿನ ಹಂಸ ಮಾಡಿಡ್ತಾರಾ ಅಂತ ಆಮೇಲೆ ಕೇಳಿ, ಮೊದಲು ಹೌಸ್ ರೀಫ್ ಎಷ್ಟು ದೂರ ಅಂತ ಕೇಳಿ!

ಡೈವಿಂಗ್ ಮಾಡೋರ ಬಾಯಲ್ಲಿ ಮತ್ತೆ ಮತ್ತೆ ಬರೋ ಹೆಸರು ಬಿಯಾದೂ, ಎಲ್ಲೈದೂ, ವಿಲಮೆಂದೂ. ಬಿಯಾದೂ ದಕ್ಷಿಣ ಮಾಲೆ ಅಟಾಲಿನಲ್ಲಿದೆ, ಸ್ಪೀಡ್‌ಬೋಟು ಸಾಕು. ಉಳಿದೆರಡು ಆರಿ ಅಟಾಲಿನವು. ಅಟಾಲ್ ಅಂದರೆ ಉಂಗುರದ ಹಾಗೆ ಸುತ್ತಿಕೊಂಡ ಹವಳದ ದ್ವೀಪಗಳ ಗುಂಪು. ಇಂಗ್ಲಿಷಿಗೆ ಆ ಪದವನ್ನ ಕೊಟ್ಟವರೇ ಈ ದಿವೇಹಿಯವರು. ನಾನು ಯಾವ ರೆಸಾರ್ಟಿನ ಏಜೆಂಟೂ ಅಲ್ಲ, ನೀವೇ ನಕ್ಷೆ ತೆಗೆದು ನೋಡಿಕೊಳ್ಳಿ.

ಈಜು ಬಾರದವರಿಗೆ ಇನ್ನೊಂದು ಮಾತು. ಇದರಲ್ಲಿ ತಮಾಷೆ ಇಲ್ಲ. ಮಾಲ್ಡೀವ್ಸ್‌ನಲ್ಲಿ ಪ್ರವಾಸಿಗರು ನೀರಿಗೆ ಹೋಗೋದು ಆಗಾಗ ಆಗುತ್ತೆ, ಬಹಳ ಸಲ ಎದೆಮಟ್ಟದ ನೀರಿಂದ ಒಂದು ಹೆಜ್ಜೆ ಆಚೆ. ಎರಡು ದ್ವೀಪದ ನಡುವಿನ ಕಾಲುವೆಯಲ್ಲಿ ಸೆಳೆತ ಜೋರು. ಲೈಫ್ ಜಾಕೆಟ್ ಬಿಗಿದುಕೊಂಡು, ತೇಲೋ ಟ್ಯೂಬ್ ಹಿಡಿದುಕೊಂಡು, ಅಲ್ಲಿಯ ಗೈಡು ಜೊತೆಗಿದ್ದರೆ ಮಾತ್ರ ಅಂಚಿಗೆ ಹೋಗೋದು. ಹವಳದ ಮೇಲೆ ಕಾಲಿಟ್ಟು ನಿಲ್ಲಬಾರದು. ಕಾಲು ಕುಯ್ಯುತ್ತೆ, ಅದೂ ಸಾಯುತ್ತೆ. ಕನ್ನಡಕ, ಕೊಳವೆಯ ಅಭ್ಯಾಸ ಊರಿನ ಈಜುಕೊಳದಲ್ಲೇ ಆಗಬೇಕು. ಅದಕ್ಕೇ ಆ ತಂಗಿಯನ್ನ ಒಂದು ತಿಂಗಳು ತುಮಕೂರಿನ ಈಜುಕೊಳಕ್ಕೆ ಕಳಿಸಿದೆವು. ಜೊತೆಗೆ ಅತ್ತೆ ಹೋಗಿ ದಡದಲ್ಲಿ ಕೂತು ಕಾವಲು!

ನಿಮ್ಮಲ್ಲಿ ಕೆಲವರು ಕೇಳ್ತೀರಿ, ನಮ್ಮದೇ ಲಕ್ಷದ್ವೀಪ ಇಲ್ಲವಾ ಅಂತ. ಇದೆ, ಹವಳವೂ ಇದೆ. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರು ಬಂದರಿಗೆ ಅವರ ತೆಂಗು ಬರ್ತಿತ್ತು. ಆದರೆ ಅನುಮತಿ ಪತ್ರ ಬೇಕು, ರೂಮುಗಳು ಕಮ್ಮಿ, ಹಡಗಿಗೋ ವಿಮಾನಕ್ಕೋ ಕಾಯಬೇಕು. ಪುರುಸೊತ್ತಿದ್ದವರಿಗೆ ಅದು. ಬರೀ ಹವಳ, ಮೀನು ನೋಡಿದರೆ ಸಾಕು ಅನ್ನೋರಿಗೆ ಮುರುಡೇಶ್ವರದ ನೇತ್ರಾಣಿ ಇದೆ, ಮುರುಡೇಶ್ವರದ ತನಕ ಬಸ್ಸಿನಲ್ಲೇ ಹೋಗಬಹುದು.

ಊರ ದ್ವೀಪದ ಗೆಸ್ಟ್‌ಹೌಸು

ಕೊನೆಗೆ ಏನು ಮಾಡಿದೆವು ಅಂದರೆ, ಊರ ದ್ವೀಪದ ಗೆಸ್ಟ್‌ಹೌಸಿನಲ್ಲಿ ಮೂರು ರಾತ್ರಿ, ಸ್ಪೀಡ್‌ಬೋಟಿನಲ್ಲಿ ತಲುಪೋ ಹಳೇ ಕಾಲದ ಒಂದು ರೆಸಾರ್ಟಿನಲ್ಲಿ ಒಂದು ರಾತ್ರಿ. ಜನ ವಾಸ ಮಾಡೋ ದ್ವೀಪಗಳಲ್ಲಿ ಮೊದಲು ಪ್ರವಾಸಿಗರನ್ನ ಇಟ್ಟುಕೊಳ್ಳೋ ಹಾಗಿರಲಿಲ್ಲ. 2009ರ ಆಸುಪಾಸಿನಲ್ಲಿ ಆ ಬಾಗಿಲು ತೆರೆಯಿತು. ಈಗ ಮಾಫುಶಿ, ತುಲುಸ್ದೂ, ಉಕುಲ್ಹಾಸ್, ದಿಗುರಾ ಅಂತ ಎಷ್ಟೋ ಊರುಗಳಲ್ಲಿ ಗೆಸ್ಟ್‌ಹೌಸುಗಳಿವೆ. ಮದುವೆಯಾಗದ ನಮ್ಮಂಥ ನಾಲ್ವರು ಹುಡುಗರು ದುಡ್ಡು ಕೂಡಿಸಿ ಹೋಗೋದಾದರೂ ಇದೇ ದಾರಿ. ಆದರೆ ಮುಸ್ಲಿಂ ಊರುಗಳು, ಮರ್ಯಾದೆ ಬೇಕು. ಮದ್ಯ ಇಲ್ಲ. ಈಜುಡುಗೆಗೆ ಬೇರೆಯೇ ದಡ ಗೊತ್ತು ಮಾಡಿರ್ತಾರೆ, ಊರೊಳಗೆ ಮೈ ತುಂಬ ಬಟ್ಟೆ. ಬೀರಿಗಾಗಿ ಹೋಗೋರು ಇಲ್ಲೇ ಇದ್ದರೆ ಮೇಲು. ಬೆಳಗಿನ ತಿಂಡಿ ಮಾಸ್ ಹುನಿ. ಕೇದರ ಮೀನು, ತೆಂಗಿನ ತುರಿ, ಈರುಳ್ಳಿ ಕಲಸಿದ್ದು. ಜೊತೆಗೆ ರೋಶಿ, ನಮ್ಮ ಚಪಾತಿಯ ತಮ್ಮ. ಐದು ದಿನ ನಾನು ಅದನ್ನೇ ತಿಂದೆ, ಬೇಸರ ಬರಲಿಲ್ಲ.

ಗೆಳೆಯನಿಗೆ ಮಾತ್ರ ಸಿಟ್ಟು. "ನೀರ ಮೇಲಿನ ಮನೆ ಇಲ್ಲದ ಮಾಲ್ಡೀವ್ಸ್ ಅಂದ್ರೆ ಜನ ನಗಲ್ವೇನೋ? ಸ್ಟೇಟಸ್ಸಿಗೆ ಏನು ಹಾಕೋದು?" ಎರಡು ದಿನ ಫೋನು ಎತ್ತಲಿಲ್ಲ. ಹತ್ತು ಸಾವಿರ ಹೋದದ್ದು ಹೋಯಿತು. ಅದರಲ್ಲಿ ಐದು ನಾನು ಕೊಡ್ತೀನಿ ಅಂದೆ. ಈವರೆಗೆ ಕೊಟ್ಟಿಲ್ಲ, ಅವನೂ ಕೇಳಿಲ್ಲ.

ಹೊರಡೋದು ಮಾರ್ಚಿಗೆ ಅಂತಾಯಿತು. ಡಿಸೆಂಬರಿನಿಂದ ಏಪ್ರಿಲ್ ತನಕ ಅಲ್ಲಿ ಒಣ ಹವೆ, ನೀರು ತಿಳಿ; ಅದರಲ್ಲಿ ಕ್ರಿಸ್‌ಮಸ್, ಹೊಸವರ್ಷದ ರೇಟು ಮುಟ್ಟಿದರೆ ಸುಡುತ್ತೆ. ಮೇ ತಿಂಗಳಿಂದ ನಮ್ಮದೇ ಮುಂಗಾರು, ರೇಟು ಇಳಿಯುತ್ತೆ. ವಿಚಿತ್ರ ಅಂದರೆ ಬಾ ಅಟಾಲಿನ ಹನಿಫಾರು ಕೊಲ್ಲಿಗೆ ದೊಡ್ಡ ದೊಡ್ಡ ಮಂಟಾ ತೊರಕೆಗಳು ಹಿಂಡುಗಟ್ಟಿ ಬರೋದು ಈ ಮಳೆಗಾಲದಲ್ಲೇ. ವೀಸಾಕ್ಕೆ ನಮ್ಮವರಿಗೆ ದುಡ್ಡಿಲ್ಲ, ಇಳಿದ ಮೇಲೆ ಕೊಡ್ತಾರೆ. ಹೊರಡೋ ಮುಂಚಿನ 96 ಗಂಟೆಯೊಳಗೆ ಇಮುಗಾ ಅನ್ನೋ ಸರಕಾರಿ ಫಾರಂ ಫೋನಿನಲ್ಲೇ ತುಂಬಬೇಕು, ಅದಕ್ಕೂ ದುಡ್ಡಿಲ್ಲ. ಯಾರಾದರೂ ಕೇಳಿದರೆ ಅವನು ಕಳ್ಳ. ಅತ್ತೆ ಪೆಟ್ಟಿಗೆಯಲ್ಲಿ ಸಣ್ಣ ಗಣಪತಿ ಇಟ್ಟಿದ್ದರು. ತೆಗೆಸಿದೆ. ಪೂಜೆಯ ವಿಗ್ರಹ ಆ ದೇಶದೊಳಗೆ ಬಿಡೋಲ್ಲ, ಬಾಟ್ಲಿಯನ್ನೂ ಬಿಡೋಲ್ಲ.

ಹೊರಡೋ ಹಿಂದಿನ ದಿನ ಆ ತಂಗಿಗೆ ಒಂದು ಮಾತು ಹೇಳಲೇಬೇಕಿತ್ತು. ಶಂಕರ್‌ನಾಗ್ ಕ್ಯಾಮೆರಾ ಇಳಿಸಿದ್ದು 1980ರ ದಶಕದಲ್ಲಿ. 1998ರಲ್ಲಿ ಸಮುದ್ರದ ನೀರು ಮಿತಿಮೀರಿ ಕಾದು ಅಲ್ಲಿ ಮೇಲುಮಟ್ಟದ ಹವಳ ಬಹುಪಾಲು ಸತ್ತಿತು. ಬಿಸಿ ತಡೀಲಾರದೆ ಹವಳ ಬಣ್ಣ ಕಳಕೊಂಡು ಸುಣ್ಣದ ಹಾಗೆ ಬೆಳ್ಳಗಾಗುತ್ತೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತೆ, ಇಲ್ಲದಿದ್ದರೆ ಇಲ್ಲ. ಮೆಲ್ಲಗೆ ಬೆಳೆದದ್ದು 2016ರಲ್ಲಿ ಮತ್ತೆ ಬೆಂದಿತು. 2024ರಲ್ಲೂ ಬೆಳ್ಳಗಾಯಿತು. "ನೀನು ಟೀವಿಯಲ್ಲಿ ಕಂಡ ಸಮುದ್ರ ಹಾಗೇ ಇದೆ ಅಂತ ನಾನು ಮಾತು ಕೊಡೋಲ್ಲಮ್ಮ" ಅಂದೆ.

"ಇದ್ದಷ್ಟು ಸಾಕು ಬಿಡಣ್ಣ" ಅಂದಳು.

ಮೂರನೇ ದಿನ ಸಂಜೆ ಅಲ್ಲಿಂದ ಫೋನು ಮಾಡಿದಳು. ಮೊದಲ ದಿನ ಅಂಚಿನ ತನಕ ಹೋಗಿ ಹೆದರಿ ಅತ್ತು ವಾಪಸ್ ಬಂದಳಂತೆ. ಎರಡನೇ ದಿನ ಗೈಡು ಕೈ ಹಿಡಿದುಕೊಂಡ. ಮೂರನೇ ದಿನ ಅವಳೇ ಹೊತ್ತಾಯಿತು ಬನ್ನಿ ಅಂತ ಎಬ್ಬಿಸಿದ್ದು. ಕೆಲವು ಕಡೆ ಹವಳ ಮುರಿದ ಮೂಳೆ ಥರ ಬಿದ್ದಿತ್ತಂತೆ. ಆದರೆ ಅದರ ಪಕ್ಕದಲ್ಲೇ ಮೀನು ತುಂಬಿತ್ತಂತೆ.

"ಅಣ್ಣ, ಆ ಗಿಳಿಮೀನು ಕಲ್ಲು ಕಡಿಯೋದು ಕೇಳುತ್ತಣ್ಣ ನೀರೊಳಗೆ! ಕಟಕಟ ಅಂತ... ಯಾರೋ ಪಕ್ಕದಲ್ಲಿ ಕೂತು ಕಲ್ಲುಸಕ್ಕರೆ ತಿಂದ ಹಾಗೆ. ಸಿನಿಮಾದಲ್ಲಿ ಆ ಸದ್ದು ಇರಲೇ ಇಲ್ಲ!"

"ನಿಮ್ಮ ಯಜಮಾನ್ರು ಏನು ಮಾಡ್ತಿದ್ದಾರಮ್ಮ?"

"ಅವರಾ? ಬೆಳಗಿಂದ ಟ್ಯೂಬ್ ತಬ್ಕೊಂಡು ತೇಲ್ತಿದ್ದಾರೆ. ಅಂಗಡೀಲಿ ಸಾಲದು ಅಂತ ಇಲ್ಲೂ ಟ್ಯೂಬೇ!"